ಸ್ಟುಡಿಯೊದಿಂದ ಬೆಟ್ಟದ ಟ್ರಾನ್ಸ್‌ಮಿಟರಿಗೆ ವೈರ್‌ಲೆಸ್ ಲಿಂಕ್: ಕೊಡಗಿನ ಮಳೆಗಾಲ ತಡೆಯುವಂತೆ ಕಟ್ಟುವ ಬಗೆ

ಕೊಡಗಿನಲ್ಲಿ ಪೇಟೆ ಇರುವುದು ತಗ್ಗಿನಲ್ಲಿ, ಎಫ್‌ಎಂ ಟ್ರಾನ್ಸ್‌ಮಿಟರಿಗೆ ಬೇಕಾದ ಎತ್ತರ ಇರುವುದು ಬೆಟ್ಟದ ನೆತ್ತಿಯಲ್ಲಿ. ಸ್ಟುಡಿಯೊವನ್ನು ಬೆಟ್ಟದ ಮೇಲೆ ಕಟ್ಟಿದರೆ ಮಾತಾಡಲು ಜನ ಹತ್ತಿ ಬರುವುದಿಲ್ಲ. ಟ್ರಾನ್ಸ್‌ಮಿಟರನ್ನು ಪೇಟೆಯಲ್ಲೇ ಇಟ್ಟರೆ ಎರಡು ತಿರುವು ದಾಟುವಷ್ಟರಲ್ಲಿ ಧ್ವನಿ ಕರಗಿಹೋಗುತ್ತದೆ. ಆದ್ದರಿಂದ ಸ್ಟುಡಿಯೊ ಕೆಳಗೆ, ಟ್ರಾನ್ಸ್‌ಮಿಟರ್ ಮೇಲೆ, ನಡುವೆ ಒಂದು ವೈರ್‌ಲೆಸ್ ಕೊಂಡಿ. ಪ್ರಸಾರದ ಇಂಜಿನಿಯರುಗಳು ಇದನ್ನು ಎಸ್‌ಟಿಎಲ್, ಅಂದರೆ ಸ್ಟುಡಿಯೊ-ಟ್ರಾನ್ಸ್‌ಮಿಟರ್ ಲಿಂಕ್, ಎನ್ನುತ್ತಾರೆ. ನಾವು ದಿನಬಳಕೆಯಲ್ಲಿ ಲಿಂಕ್ ಅಂತಲೇ ಕರೆಯುತ್ತೇವೆ.

ಸಮುದಾಯ ರೇಡಿಯೊ ಕೆಲಸಕ್ಕೆಂದು ಹಲವು ಮಳೆಗಾಲ ಇಂಥ ಲಿಂಕ್‌ಗಳ ಹಿಂದೆ ಓಡಾಡಿದ್ದೇನೆ. ನಾನು ಕಂಡದ್ದು ಇಷ್ಟು: ಎಲ್ಲರೂ ಲಿಂಕ್ ಕಟ್ಟುವುದು ಜನವರಿಯ ಬಿಸಿಲಿನಲ್ಲಿ, ಅದರ ನಿಜವಾದ ಪರೀಕ್ಷೆ ನಡೆಯುವುದು ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ರಾತ್ರಿಯಲ್ಲಿ. ಕರೆಂಟಿಲ್ಲ, ದಾರಿಯಲ್ಲಿ ಬರೆ ಜರಿದಿದೆ, ತೋಟದೊಳಗೆ ಕಾಡಾನೆ ಇದೆಯೆಂದು ಸುದ್ದಿ. ಅಂಥ ಹೊತ್ತಿನಲ್ಲಿ ಬೆಟ್ಟ ಹತ್ತಲು ಯಾರನ್ನೂ ಕಳಿಸಬಾರದು. ಊರವರಿಗೆ ರೇಡಿಯೊ ಹೆಚ್ಚು ಬೇಕಾಗುವುದೂ ಅದೇ ಹೊತ್ತಿನಲ್ಲಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಊರೂರಿಗೆ ದಾರಿ ಕಡಿದುಹೋದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಹೇಳುವ ಪ್ರತಿ ಹೆಜ್ಜೆಯನ್ನೂ ಆ ರಾತ್ರಿಯನ್ನು ಕಣ್ಣೆದುರು ಇಟ್ಟುಕೊಂಡೇ ಓದಿ.

ಮೊದಲು ಕಾಗದಪತ್ರ

ಇದನ್ನು ಬೇಗ ಮುಗಿಸೋಣ, ಆದರೆ ಬಿಡುವಂತಿಲ್ಲ. ನಮ್ಮ ದೇಶದಲ್ಲಿ ಸಂಘ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ನಡೆಸಲು ಅವಕಾಶ ಸಿಕ್ಕಿದ್ದು 2006ರ ನೀತಿಯಿಂದ. ಅದರ ಪ್ರಕಾರ ಟ್ರಾನ್ಸ್‌ಮಿಟರ್ ಮತ್ತು ಆಂಟೆನಾ ನೀವು ಸೇವೆ ಕೊಡುವ ಸಮುದಾಯದ ವ್ಯಾಪ್ತಿಯೊಳಗೇ ಇರಬೇಕು. ಶಿಕ್ಷಣ ಸಂಸ್ಥೆಯ ರೇಡಿಯೊ ಆದರೆ ಅದರ ಮುಖ್ಯ ಆವರಣದೊಳಗೇ ಇರಬೇಕು. ಅಂದರೆ ಕಾಲೇಜಿನವರು ಪಕ್ಕದ ಊರಿನ ಬೆಟ್ಟಕ್ಕೆ ಲಿಂಕ್ ಎಳೆಯುವ ಯೋಚನೆ ಮಾಡುವಂತಿಲ್ಲ, ಆವರಣದಲ್ಲೇ ಎತ್ತರದ ಜಾಗ ಹುಡುಕಬೇಕು. ಹೊರಸೂಸುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರಬಾರದು, ಆಂಟೆನಾ ನೆಲದಿಂದ 30 ಮೀಟರಿಗಿಂತ ಮೇಲೆ ಹೋಗಬಾರದು. ಮಾಸ್ಟ್, ಅಂದರೆ ಆಂಟೆನಾ ಹೊರುವ ಕಂಬ, ನಿಲ್ಲಿಸಲು ಸ್ಯಾಕ್ಫಾ (ಕಂಬದ ಜಾಗಕ್ಕೆ ಅನುಮತಿ ಕೊಡುವ ಕೇಂದ್ರದ ಸಮಿತಿ) ಒಪ್ಪಿಗೆ, ಪ್ರಸಾರ ಶುರುಮಾಡಲು ಡಬ್ಲ್ಯುಪಿಸಿಯ (ಆವರ್ತನ ಹಂಚುವ ಕೇಂದ್ರ ಸರ್ಕಾರದ ವಿಭಾಗ) ವೈರ್‌ಲೆಸ್ ಪರವಾನಗಿ ಬೇಕು. ಈ ಅರ್ಜಿಗಳು ಈಗ ಸರಳ ಸಂಚಾರ್ ಪೋರ್ಟಲ್ ಮೂಲಕ ಹೋಗುತ್ತವೆ. ಅರ್ಜಿಯಲ್ಲಿ ಬರೆದ ಅಕ್ಷಾಂಶ-ರೇಖಾಂಶ ಒಂದು, ಮಾಸ್ಟ್ ನಿಂತದ್ದು ಇನ್ನೊಂದು ಬಾಣೆಯಲ್ಲಿ ಎಂದಾಗದಂತೆ ಜಾಗವನ್ನು ಸರಿಯಾಗಿ ನೋಡಿಕೊಂಡ ಮೇಲೆಯೇ ಅರ್ಜಿ ಹಾಕಿ.

ಯಾವ ಬ್ಯಾಂಡ್

ಎರಡು ದಾರಿಗಳಿವೆ. ಒಂದು, ಪರವಾನಗಿ ಪಡೆದು ವಿಎಚ್‌ಎಫ್ ಅಥವಾ ಯುಎಚ್‌ಎಫ್‌ನಲ್ಲಿ ನಡೆಸುವ ಹಳೆಯ ಕಾಲದ ಲಿಂಕ್. ಯಾಗಿ ಆಂಟೆನಾ, ಒಂದು ಕಡೆ ಕಳಿಸುವ ಪೆಟ್ಟಿಗೆ, ಇನ್ನೊಂದು ಕಡೆ ಹಿಡಿಯುವ ಪೆಟ್ಟಿಗೆ. ನಿಮ್ಮ ಆವರ್ತನ ನಿಮ್ಮದೇ, ಯಾರಾದರೂ ಅಡ್ಡ ಬಂದರೆ ದೂರು ಕೊಡಬಹುದು. ವಿಳಂಬ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮರದ ತುದಿ ಅಲ್ಪಸ್ವಲ್ಪ ಅಡ್ಡವಿದ್ದರೂ ಸುತ್ತಿ ಬಳಸಿ ಹೋಗುತ್ತದೆ. ಖರ್ಚು ಮತ್ತು ಕಾಯುವ ಸಮಯ ಮಾತ್ರ ಹೆಚ್ಚು.

ಎರಡು, 5 ಗಿಗಾಹರ್ಟ್ಸ್‌ನ ಪಾಯಿಂಟ್-ಟು-ಪಾಯಿಂಟ್ ರೇಡಿಯೊ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 5150ರಿಂದ 5350, 5470ರಿಂದ 5875 ಮೆಗಾಹರ್ಟ್ಸ್ ಭಾಗಗಳನ್ನು ಪರವಾನಗಿಯಿಂದ ಮುಕ್ತ ಮಾಡಿತು. ಒಟ್ಟು 605 ಮೆಗಾಹರ್ಟ್ಸ್ ಜಾಗ. ಆದರೆ ಇಲ್ಲಿ ರಕ್ಷಣೆ ಇಲ್ಲ: ನೀವು ಯಾರಿಗೂ ಅಡ್ಡಿ ಮಾಡಬಾರದು, ನಿಮಗೆ ಅಡ್ಡಿಯಾದರೆ ಸಹಿಸಿಕೊಳ್ಳಬೇಕು. ಶಕ್ತಿಗೆ ಮಿತಿಯೂ ಇದೆ. ಉಪಕರಣಕ್ಕೆ ಇಟಿಎ (ವೈರ್‌ಲೆಸ್ ಉಪಕರಣದ ಮಾದರಿಗೆ ಸರ್ಕಾರ ಕೊಡುವ) ಅನುಮೋದನೆ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಸೆಟ್ಟಿಂಗ್‌ನಲ್ಲಿ ದೇಶ ಎಂದಿರುವಲ್ಲಿ ಇಂಡಿಯಾ ಆರಿಸಿ. ಬೇರೆ ದೇಶ ಹಾಕಿ ಶಕ್ತಿ ಏರಿಸುವ ಬುದ್ಧಿವಂತಿಕೆ ಬೇಡ.

ಕೊಡಗಿನಲ್ಲಿ ಐದಾರು ಕಿಲೋಮೀಟರಿನ ನೇರ ನೋಟ ಸಿಕ್ಕರೆ ನಾನು 5.8 ಗಿಗಾಹರ್ಟ್ಸ್ ಕಡೆಗೇ ಒಲಿಯುತ್ತೇನೆ. ಪೇಟೆ ಬಿಟ್ಟರೆ ಇಲ್ಲಿ ಆ ಬ್ಯಾಂಡಿನಲ್ಲಿ ಗದ್ದಲ ಕಡಿಮೆ. 24 ಅಥವಾ 60 ಗಿಗಾಹರ್ಟ್ಸ್ ರೇಡಿಯೊಗಳನ್ನು ಯಾರಾದರೂ ಹೊಗಳಿ ಮಾರಲು ಬಂದರೆ ನಯವಾಗಿ ಬೇಡವೆನ್ನಿ. ಗಂಟೆಗೆ 100 ಮಿಲಿಮೀಟರ್ ರಭಸದ ಮಳೆ ಹೊಡೆದಾಗ 24ರಲ್ಲಿ ಪ್ರತಿ ಕಿಲೋಮೀಟರಿಗೆ 15 ಡಿಬಿ (ಡೆಸಿಬೆಲ್; 3 ಡಿಬಿ ಹೋದರೆ ಶಕ್ತಿ ಅರ್ಧವಾಯಿತೆಂದು ಅರ್ಥ) ಆಸುಪಾಸು ಸಿಗ್ನಲ್ ಹೋಗುತ್ತದೆ. ಅದೇ ಮಳೆಯಲ್ಲಿ 5.8ರ ನಷ್ಟ ಕಿಲೋಮೀಟರಿಗೆ ಸುಮಾರು 1 ಡಿಬಿ, ಅಷ್ಟೆ. ಅಲೆ ಮೇಲೆ-ಕೆಳಗೆ ಆಡುವಂತೆ ಆಂಟೆನಾ ನಿಲ್ಲಿಸಿದರೆ (ಲಂಬ ಧ್ರುವೀಕರಣ) ಅದಕ್ಕಿಂತಲೂ ಕಡಿಮೆ.

ಮಂಜಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಎದುರಿನ ಬೆಟ್ಟ ವಾರಗಟ್ಟಲೆ ಕಣ್ಣಿಗೆ ಬೀಳದಿದ್ದರೂ ಈ ಆವರ್ತನದ ಲಿಂಕಿಗೆ ಮಂಜು ಲೆಕ್ಕಕ್ಕೇ ಇಲ್ಲ. ಅದನ್ನು ಕೆಡಿಸುವುದು ಒದ್ದೆ ಮರ, ಕನೆಕ್ಟರಿನೊಳಗಿನ ನೀರು, ಸಿಡಿಲು ಮತ್ತು ಖಾಲಿಯಾದ ಬ್ಯಾಟರಿ.

ದಾರಿ ನೋಡುವುದು

ಇಲ್ಲಿ ಸಮಯ ಕೊಡಿ. ಮುಂದೆ ಬರುವ ತೊಂದರೆಗಳಲ್ಲಿ ಅರ್ಧದಷ್ಟು ಇಲ್ಲಿಯೇ ತಪ್ಪುತ್ತವೆ.

ಮೊದಲು ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದು ಸ್ಟುಡಿಯೊ ಮತ್ತು ಬೆಟ್ಟದ ನಡುವೆ ಗೆರೆ ಎಳೆದು ಎತ್ತರದ ನಕ್ಷೆ ನೋಡಿ. ನಡುವೆ ಗುಡ್ಡವೇ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು: ಬೇರೆ ಬೆಟ್ಟ ಹುಡುಕಿ, ಇಲ್ಲವೇ ಎರಡೂ ಕಡೆಯಿಂದ ಕಾಣುವ ಮೂರನೇ ಜಾಗದಲ್ಲಿ ರಿಪೀಟರ್ ಇಟ್ಟು ಎರಡು ಜಿಗಿತದಲ್ಲಿ ದಾಟಿ. ರಿಪೀಟರ್ ಇಟ್ಟರೆ ಬ್ಯಾಟರಿ, ಅರ್ಥಿಂಗ್, ಓಡಾಟ ಎಲ್ಲವೂ ಇನ್ನೊಂದು ಪಾಲು ಹೆಚ್ಚುತ್ತದೆ; ತೀರಾ ಅನಿವಾರ್ಯವಾದರೆ ಮಾತ್ರ ಆ ದಾರಿ.

ನಕ್ಷೆ ಒಪ್ಪಿದರೂ ನಂಬಬೇಡಿ. ಅದು ತೋರಿಸುವುದು ನೆಲವನ್ನು. ಕಾಫಿ ತೋಟದ ನೆರಳು ಮರಗಳನ್ನು ಲೆಕ್ಕ ಹಿಡಿಯುವುದಿಲ್ಲ. ಆದ್ದರಿಂದ ಜನವರಿ ಅಥವಾ ಫೆಬ್ರುವರಿಯಲ್ಲಿ, ಮಂಜು ಕರಗಿದ ಮೇಲೆ, ಒಬ್ಬರು ಒಂದಡಿ ಅಗಲದ ಮುಖ ನೋಡುವ ಕನ್ನಡಿ ಹಿಡಿದು ಬೆಟ್ಟಕ್ಕೆ ಹೋಗಲಿ. ಇನ್ನೊಬ್ಬರು ಬೈನಾಕ್ಯುಲರ್ ಹಿಡಿದು ಸ್ಟುಡಿಯೊ ಮಾಳಿಗೆಯಲ್ಲಿ, ಆಂಟೆನಾ ಬರುವ ಜಾಗದಲ್ಲೇ ನಿಲ್ಲಲಿ. ಮೇಲಿನವರು ಬಿಸಿಲನ್ನು ಪೇಟೆಯ ಕಡೆಗೆ ಹಾಯಿಸಿದಾಗ ಕೆಳಗಿನವರಿಗೆ ಚುಚ್ಚುವಂಥ ಬೆಳಕಿನ ಚುಕ್ಕಿ ಕಂಡರೆ ನೇರ ನೋಟ ಇದೆಯೆಂದು ಅರ್ಥ. ಆರು ಕಿಲೋಮೀಟರ್ ದೂರದಿಂದಲೂ ಅದು ಸ್ಪಷ್ಟವಾಗಿ ಕಾಣುತ್ತದೆ.

ಕಣ್ಣಿಗೆ ಕಂಡರಷ್ಟೇ ಸಾಲದು. ರೇಡಿಯೊ ಅಲೆ ದಾರದ ಹಾಗೆ ತೆಳ್ಳಗೆ ಹೋಗುವುದಿಲ್ಲ, ಸೌತೆಕಾಯಿಯ ಹಾಗೆ ನಡುವೆ ಉಬ್ಬಿಕೊಂಡು ಹೋಗುತ್ತದೆ. ಆ ಉಬ್ಬಿಗೆ ಫ್ರೆನೆಲ್ ವಲಯ ಎಂದು ಹೆಸರು. ನಡು ದಾರಿಯಲ್ಲಿ ಅದರ ತ್ರಿಜ್ಯ ಎಷ್ಟು ಮೀಟರ್ ಎಂದು ತಿಳಿಯಲು ಸುಲಭ ಲೆಕ್ಕವಿದೆ: ಕಿಲೋಮೀಟರಿನಲ್ಲಿರುವ ದೂರವನ್ನು ಗಿಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿ, ಬಂದದ್ದರ ವರ್ಗಮೂಲ ತೆಗೆದು, 8.66ರಿಂದ ಗುಣಿಸಿ. 6 ಕಿಲೋಮೀಟರ್, 5.8 ಗಿಗಾಹರ್ಟ್ಸ್ ಆದರೆ 8.8 ಮೀಟರ್. ಇದರಲ್ಲಿ ಕನಿಷ್ಠ 60 ಶೇಕಡ, ಅಂದರೆ 5.3 ಮೀಟರ್, ಯಾವ ಅಡ್ಡಿಯೂ ಇಲ್ಲದೆ ತೆರೆದಿರಬೇಕು. ಭೂಮಿಯ ಉಬ್ಬು ಇಷ್ಟು ದೂರಕ್ಕೆ ಅರ್ಧ ಮೀಟರ್ ಮಾತ್ರ, ಅದನ್ನೂ ಸೇರಿಸಿಕೊಳ್ಳಿ. ಒಟ್ಟಿನಲ್ಲಿ ನೋಟದ ಗೆರೆಯಿಂದ ಆರು ಮೀಟರ್ ಕೆಳಗಿನವರೆಗೆ ಒಂದು ಎಲೆಯೂ ಇರಬಾರದು. ಅದೇ ದೂರಕ್ಕೆ 450 ಮೆಗಾಹರ್ಟ್ಸ್ ಬಳಸಿದರೆ ತ್ರಿಜ್ಯ 31 ಮೀಟರ್ ದಾಟುತ್ತದೆ. ಅಲ್ಲಿ ಇಷ್ಟೊಂದು ಜಾಗ ತೆರವಾಗಿ ಸಿಗುವುದಿಲ್ಲವಾದರೂ ಆ ಅಲೆಗಳು ಎಲೆಯನ್ನು ತೂರಿ ಬರುವುದರಲ್ಲಿ ಹೆಚ್ಚು ಗಟ್ಟಿ.

ಇನ್ನು ಮರಗಳ ವಿಷಯ. ಸಿಲ್ವರ್ ಓಕ್ ನೆಟ್ಟಗೆ, ಬೇಗ ಬೆಳೆಯುವ ಮರ. ಎಳೆಯ ಗಿಡ ವರ್ಷಕ್ಕೆ ಒಂದು ಮೀಟರಿಗೂ ಹೆಚ್ಚು ಏರುತ್ತದೆ. ನಾವು ಕಟ್ಟಿದ ಒಂದು ಲಿಂಕಿನಲ್ಲಿ ಮೊದಲ ವರ್ಷ ಸಿಗ್ನಲ್ ಮೈನಸ್ 69 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಅಂಕೆ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ) ಹತ್ತಿರ ಅಲುಗಾಡದೆ ನಿಂತಿತ್ತು. ಮೂರನೇ ಜೂನಿನಲ್ಲಿ ಒಣ ಹೊತ್ತಿನಲ್ಲಿ 72, ಮಳೆ ಹೊಡೆದ ಹತ್ತು ನಿಮಿಷಕ್ಕೆ 84, ಮಳೆ ನಿಂತು ಗಾಳಿಗೆ ಎಲೆ ಒಣಗುತ್ತಿದ್ದಂತೆ ಮತ್ತೆ 73. ರೇಡಿಯೊ ಕೆಟ್ಟಿದೆಯೆಂದು ಎರಡು ವಾರ ಹುಡುಕಾಡಿದೆವು. ಕೊನೆಗೆ ಬಿಸಿಲು ಬಿದ್ದ ಒಂದು ಬೆಳಿಗ್ಗೆ ಬೈನಾಕ್ಯುಲರ್ ಹಿಡಿದಾಗ ನಮ್ಮ ಗೆರೆಯ ಅಡಿಗೆ ಸರಿಯಾಗಿ ನಾಲ್ಕು ಸಿಲ್ವರ್ ಓಕ್ ತುದಿಗಳು ತೂಗುತ್ತಿದ್ದವು. ಮರಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿತ್ತು, ಕಡಿಯುವ ಮಾತು ಎತ್ತುವಂತೆಯೇ ಇರಲಿಲ್ಲ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ಹೋಗಿ, "ರೈಟ್ರೇ, ಬಳ್ಳಿ ಮುಟ್ಟೋದು ಬೇಡ, ಈ ಸಲ ಕಪಾತು ಮಾಡುವಾಗ ಈ ನಾಲ್ಕರ ತುದಿ ಮಾತ್ರ ಇಳಿಸಿ ಕೊಡಿ" ಎಂದು ಕೇಳಿಕೊಂಡೆವು. ಅವರು ತೋಟದ ಮಾಲೀಕರನ್ನು ಕೇಳಿ ಒಪ್ಪಿದರು. ತುದಿ ಇಳಿದ ದಿನ ಸಂಜೆಯೇ ಸಿಗ್ನಲ್ 69ಕ್ಕೆ ಮರಳಿತು.

ಆದ್ದರಿಂದ ಗೆರೆಯ ಅಡಿಯಲ್ಲಿ ಬರುವ ಪ್ರತಿ ತೋಟದವರನ್ನೂ ಮೊದಲೇ ಕಂಡು ಮಾತಾಡಿಸಿ. ಮರದ ಎತ್ತರ ಅಳೆಯಲು ಚೌಕ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿ, ಆ ಓರೆಯ ಅಂಚಿನ ನೇರದಲ್ಲಿ ಮರದ ತುದಿ ಕಾಣುವವರೆಗೆ ಹಿಂದೆ ಸರಿಯಿರಿ. ನೀವು ನಿಂತಲ್ಲಿಂದ ಬುಡದವರೆಗಿನ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ ಸಿಗುತ್ತದೆ. ಸಮತಟ್ಟು ನೆಲದಲ್ಲಿ ಮಾತ್ರ ಇದು ಸರಿ ಬರುತ್ತದೆ. ಇಳಿಜಾರಿನಲ್ಲಿ ಮರ ಹತ್ತುವವರ ಕೈಗೆ ಹಗ್ಗ ಕೊಟ್ಟು ಅಳೆಸುವುದೇ ಮೇಲು. ಬಂದ ಎತ್ತರಕ್ಕೆ ಮುಂದಿನ ಐದು ವರ್ಷದ ಬೆಳವಣಿಗೆ ಸೇರಿಸಿ, ಆಮೇಲೆ ಮಾಸ್ಟ್ ಎತ್ತರ ತೀರ್ಮಾನಿಸಿ.

ಸಿಗ್ನಲ್ ಲೆಕ್ಕ

ಕೊಳ್ಳುವ ಮೊದಲು ಕಾಗದದ ಮೇಲೆ ಈ ಕೂಡು-ಕಳೆ ಮಾಡಿ. ತೆರೆದ ಜಾಗದಲ್ಲಿನ ನಷ್ಟ 6 ಕಿಲೋಮೀಟರಿಗೆ, 5.8 ಗಿಗಾಹರ್ಟ್ಸ್‌ನಲ್ಲಿ 123 ಡಿಬಿ. ರೇಡಿಯೊದ ಶಕ್ತಿ 10 ಡಿಬಿಎಂ ಎಂದಿಟ್ಟುಕೊಳ್ಳಿ. ಎರಡೂ ಕಡೆ 23 ಡಿಬಿಐ ಗಳಿಕೆಯ (ಸಿಗ್ನಲ್ಲನ್ನು ಒಂದೇ ದಿಕ್ಕಿಗೆ ಒಟ್ಟುಗೂಡಿಸುವ ಬಲದ ಅಳತೆ) ಡಿಶ್. ಸಣ್ಣಪುಟ್ಟ ನಷ್ಟ 2 ಡಿಬಿ. 10ಕ್ಕೆ ಎರಡು 23 ಕೂಡಿಸಿ, 123 ಮತ್ತು 2 ಕಳೆದರೆ ಮೈನಸ್ 69 ಡಿಬಿಎಂ. ಆಂಟೆನಾದಿಂದ ಹೊರಡುವುದು 33 ಡಿಬಿಎಂ, ಅಂದರೆ 2 ವ್ಯಾಟ್.

ಈಗ ನಿಮ್ಮ ರೇಡಿಯೊದ ವಿವರಪಟ್ಟಿಯಲ್ಲಿ ಅತಿ ಕಡಿಮೆ ವೇಗಗಳಿಗೆ ಎಷ್ಟು ಸಿಗ್ನಲ್ ಸಾಕೆಂದು ನೋಡಿ. ಮೈನಸ್ 90 ಎಂದಿದ್ದರೆ ನಿಮ್ಮ ಕೈಯಲ್ಲಿ 21 ಡಿಬಿ ಮಿಗತೆ ಇದೆ. ಜೋರು ಮಳೆ 5 ಡಿಬಿ ತಿಂದರೂ, ಗಾಳಿಗೆ ಡಿಶ್ ತುಸು ಅಲುಗಿದರೂ, ಒಂದು ಕೊಂಬೆ ಅಂಚಿಗೆ ತಾಗಿದರೂ ಧ್ವನಿ ನಿಲ್ಲುವುದಿಲ್ಲ. 20 ಡಿಬಿಗಿಂತ ಕಡಿಮೆ ಮಿಗತೆಯ ಲಿಂಕನ್ನು ಕೊಡಗಿನಲ್ಲಿ ನಾನು ಕಟ್ಟುವುದಿಲ್ಲ. ಮಿಗತೆ ಸಾಲದಿದ್ದರೆ ಮೊದಲು ಹಿಡಿಯುವ ಕಡೆಗೆ ದೊಡ್ಡ ಡಿಶ್ ಹಾಕಿ. ಆ ಕಡೆಯ ರೇಡಿಯೊ ಹೊರಸೂಸುವ ಶಕ್ತಿಯನ್ನು ಅಷ್ಟೇ ಇಳಿಸಿಕೊಂಡರೆ ಅದು ಯಾವ ಮಿತಿಯನ್ನೂ ಮೀರುವುದಿಲ್ಲ.

ಮಾಸ್ಟ್, ಕೇಬಲ್, ಸಿಡಿಲು

ಬೆಟ್ಟದ ಮಾಸ್ಟಿನಲ್ಲಿ ತುದಿಗೆ ಎಫ್‌ಎಂ ಆಂಟೆನಾ, ಅದರ ಕೊನೆಯ ಕಡ್ಡಿಯಿಂದ ಮೂರು ನಾಲ್ಕು ಮೀಟರ್ ಕೆಳಗೆ ಲಿಂಕಿನ ಡಿಶ್. ಜೂನ್-ಜುಲೈ ಗಾಳಿಗೆ ಗಟ್ಟಿ ತಟ್ಟೆಗಿಂತ ಜಾಲರಿಯಂಥ ಗ್ರಿಡ್ ಡಿಶ್ ವಾಸಿ. ಡಿಶ್ ಹಿಡಿದ ಪೈಪು ತಿರುಗದಂತೆ ಎರಡು ಕ್ಲಾಂಪ್ ಹಾಕಿ. ಬೋಲ್ಟ್ ಬಿಗಿ ಮಾಡಿದ ಮೇಲೆ ಕ್ಲಾಂಪಿನಿಂದ ಪೈಪಿನವರೆಗೆ ಬಣ್ಣದ ಗೆರೆ ಎಳೆದಿಡಿ. ಮುಂದಿನ ವರ್ಷ ಅದು ಜರುಗಿದೆಯೇ ಎಂದು ಕೆಳಗಿನಿಂದಲೇ ಬೈನಾಕ್ಯುಲರಿನಲ್ಲಿ ತಿಳಿಯುತ್ತದೆ.

ಕೇಬಲ್ ಹೊರಾಂಗಣದ, ಲೋಹದ ಕವಚವಿರುವ ಕ್ಯಾಟ್-6 ಆಗಿರಲಿ. 100 ಮೀಟರ್ ಮೀರಬಾರದು. ತುದಿಯ ಪ್ಲಗ್ಗೂ ಲೋಹದ್ದೇ ಆಗಬೇಕು. ಇದು ಏಕೆಂದು ಮುಂದೆ ಹೇಳುತ್ತೇನೆ. ರೇಡಿಯೊದೊಳಗೆ ಹೋಗುವ ಮುನ್ನ ಕೇಬಲ್ಲನ್ನು ಒಮ್ಮೆ ಕೆಳಗೆ ಇಳಿಸಿ ಮೇಲಕ್ಕೆ ತಿರುಗಿಸಿ, ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗಲಿ. ಕೋಣೆಯೊಳಗೆ ಬರುವಲ್ಲೂ ಹಾಗೆಯೇ. ಕನೆಕ್ಟರಿಗೆ ತಾನೇ ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹಂಚು ಹೊದಿಸಿದಂತೆ ಪದರದ ಮೇಲೆ ಪದರ ಬರಲಿ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಪದರವೂ ನೀರಿಗೆ ಬಾಯಿ ತೆರೆದು ಕೂತಿರುತ್ತದೆ. ಮಂಗ ಜೋತಾಡುವ ಎತ್ತರದವರೆಗೆ, ಅಂದರೆ ಪೂರ್ತಿಯಾಗಿ, ಕೇಬಲ್ಲನ್ನು ಜಿಐ ಪೈಪಿನೊಳಗೆ ಇಳಿಸಿ. ಪೆಟ್ಟಿಗೆಯ ತೂತುಗಳನ್ನು ಮುಚ್ಚದಿದ್ದರೆ ಇರುವೆ ಗೂಡು ಕಟ್ಟುತ್ತದೆ.

ಸಿಡಿಲಿನ ಕಾಲ ಏಪ್ರಿಲ್-ಮೇ, ಮತ್ತೆ ಅಕ್ಟೋಬರ್. ಮಾಸ್ಟಿನ ತುದಿಯಿಂದ ತಾಮ್ರದ ಪಟ್ಟಿ ನೇರವಾಗಿ, ಚೂಪು ತಿರುವಿಲ್ಲದೆ ನೆಲಕ್ಕೆ ಇಳಿಯಲಿ. ಅರ್ಥಿಂಗ್ ಗುಂಡಿ ಒಂದಲ್ಲ, ಎರಡಾದರೂ ಬೇಕು. ಮಾಸ್ಟಿನ ಅರ್ಥ್, ಕರೆಂಟಿನ ಅರ್ಥ್, ಟ್ರಾನ್ಸ್‌ಮಿಟರ್ ರ‍್ಯಾಕಿನ ಅರ್ಥ್ ಎಲ್ಲವನ್ನೂ ಒಂದಕ್ಕೊಂದು ಬೆಸೆದಿರಬೇಕು. ಬಿಡಿಬಿಡಿಯಾಗಿದ್ದರೆ ಸಿಡಿಲು ಒಂದರಿಂದ ಇನ್ನೊಂದಕ್ಕೆ ಜಿಗಿಯುವುದು ನಿಮ್ಮ ಉಪಕರಣದ ಮೂಲಕವೇ. ಅರ್ಥ್ ಮೀಟರಿನಲ್ಲಿ 5 ಓಮ್ ಒಳಗೆ ಬರಲಿ. ಅಳೆಯುವುದು ಮಾರ್ಚಿನಲ್ಲಿ, ನೆಲ ಒಣಗಿದಾಗ. ಮಳೆಗಾಲದಲ್ಲಿ ಅಳೆದರೆ ಎಂಥ ಗುಂಡಿಯೂ ಒಳ್ಳೆಯ ಅಂಕೆಯನ್ನೇ ಕೊಡುತ್ತದೆ, ಸಿಡಿಲು ಬರುವುದು ಮಾತ್ರ ಆ ನೆಲ ನೆನೆಯುವ ಮೊದಲು. ಈಥರ್ನೆಟ್ ಕೇಬಲ್ಲಿಗೆ ಮೇಲೊಂದು ಕೆಳಗೊಂದು ಸರ್ಜ್ ರಕ್ಷಕ ಹಾಕಿ, ಎರಡನ್ನೂ ಅರ್ಥಿಗೆ ಕಟ್ಟಿ.

ಡಿಶ್ ತಿರುಗಿಸಿ ಹೊಂದಿಸುವುದು

ಎರಡು ತುದಿಯಲ್ಲೂ ಒಬ್ಬೊಬ್ಬರು, ಕೈಯಲ್ಲಿ ಮೊಬೈಲ್. ಒಂದು ಸಲಕ್ಕೆ ಒಬ್ಬರೇ ತಿರುಗಿಸಬೇಕು, ಇನ್ನೊಬ್ಬರು ಅಂಕೆ ಓದಬೇಕು. ದಿಕ್ಸೂಚಿ ನೋಡಿ ಅಂದಾಜಿಗೆ ನಿಲ್ಲಿಸಿ, ಬೋಲ್ಟನ್ನು ಅರ್ಧ ಬಿಗಿಯಲ್ಲಿಡಿ. ಎಡದಿಂದ ಬಲಕ್ಕೆ ಬೆರಳಿನಗಲ ತಿರುಗಿಸಿ, ಮೂರು ಸೆಕೆಂಡ್ ಕಾಯಿರಿ, ಅಂಕೆ ಕೇಳಿ. ಮತ್ತೆ ಬೆರಳಿನಗಲ. ಅಂಕೆ ಏರಿ, ತುದಿ ಮುಟ್ಟಿ, ಇಳಿಯುವವರೆಗೂ ಹೋಗಿ. ಇಳಿದದ್ದನ್ನು ನೋಡದೆ ತುದಿ ಯಾವುದೆಂದು ತಿಳಿಯದು. ಆಮೇಲೆ ಮೇಲೆ-ಕೆಳಗೆ ಹಾಗೆಯೇ. ಬೆಟ್ಟದಿಂದ ಪೇಟೆಗೆ ನೋಡುವ ಡಿಶ್ ಕೆಳಮುಖವಾಗಿ ಬಾಗಬೇಕು, ಇದನ್ನು ಮರೆತು ನೆಟ್ಟಗೆ ನಿಲ್ಲಿಸಿದವರನ್ನು ಬಹಳ ಕಂಡಿದ್ದೇನೆ.

ಒಂದು ಮೋಸ ಇಲ್ಲಿದೆ. ಡಿಶ್ಶಿಗೆ ಮುಖ್ಯ ಕಿರಣದ ಪಕ್ಕದಲ್ಲಿ ಸಣ್ಣ ಕಿರಣಗಳೂ ಇರುತ್ತವೆ. ಅಂಥದೊಂದರ ಮೇಲೆ ನಿಂತರೂ ಅಂಕೆ ಏರಿ ಇಳಿದು "ಸಿಕ್ಕಿತು" ಎನಿಸುತ್ತದೆ. ಆದ್ದರಿಂದಲೇ ಮೊದಲು ಲೆಕ್ಕ ಮಾಡಿದ್ದು. ಮೈನಸ್ 69 ಬರಬೇಕಾದಲ್ಲಿ 88 ಬಂದರೆ ನೀವು ಪಕ್ಕದ ಕಿರಣದಲ್ಲಿದ್ದೀರಿ. ಇನ್ನೂ ಅಗಲವಾಗಿ ತಿರುಗಿಸಿ ಹುಡುಕಿ. ಲೆಕ್ಕಕ್ಕೂ ಅಂಕೆಗೂ ಮೂರು ನಾಲ್ಕು ಡಿಬಿ ಒಳಗಿನ ವ್ಯತ್ಯಾಸ ಉಳಿಯುವವರೆಗೆ ಬೆಟ್ಟ ಇಳಿಯಬೇಡಿ.

ರೇಡಿಯೊ ಸೆಟ್ಟಿಂಗ್

ಅಂಗಡಿಯವರು ನಿಮಗೆ 150 ಮೆಗಾಬಿಟ್, 300 ಮೆಗಾಬಿಟ್ ಎಂದು ಆಸೆ ಹುಟ್ಟಿಸುತ್ತಾರೆ. ನಮಗೆ ಬೇಕಿರುವುದು ವೇಗವಲ್ಲ, ನಿಲ್ಲದಿರುವುದು. ಸಂಕೋಚನವೇ ಮಾಡದ 48 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೊ ಧ್ವನಿಗೂ 1.5 ಮೆಗಾಬಿಟ್ ಸಾಕು. ಆದ್ದರಿಂದ ಚಾನೆಲ್ ಅಗಲವನ್ನು 40ರಿಂದ 10 ಮೆಗಾಹರ್ಟ್ಸ್‌ಗೆ ಇಳಿಸಿ. ಅಷ್ಟಕ್ಕೇ ಗದ್ದಲ 6 ಡಿಬಿ ಕಡಿಮೆಯಾಗುತ್ತದೆ. ವೇಗದ ಗರಿಷ್ಠ ಮಿತಿಯನ್ನು ಕೆಳಗಿನ ಮೆಟ್ಟಿಲಿಗೆ ಕಟ್ಟಿಹಾಕಿ. ರೇಡಾರ್ ಕಂಡೊಡನೆ ಚಾನೆಲ್ ಬಿಟ್ಟುಕೊಡಬೇಕಾದ ಭಾಗದಿಂದ ದೂರವಿದ್ದು 5.8ರ ಕಡೆ ಇರಿ. ತಾನಾಗಿ ಚಾನೆಲ್ ಬದಲಿಸುವ ಸೌಲಭ್ಯವನ್ನು ಆಫ್ ಮಾಡಿಡಿ.

ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಆ ದಿನವೇ ಬದಲಿಸಿ, ಲಿಂಕಿಗೆ ಎನ್‌ಕ್ರಿಪ್ಷನ್ ಹಾಕಿ, ಇವುಗಳಲ್ಲಿ ಯಾವುದನ್ನೂ ಇಂಟರ್ನೆಟ್ಟಿಗೆ ಬಿಚ್ಚಿಡಬೇಡಿ. 2016ರಲ್ಲಿ ಅಮೆರಿಕದ ಕೆಲವು ಕೇಂದ್ರಗಳ ಲಿಂಕ್ ಪೆಟ್ಟಿಗೆಗಳು ಇಂಟರ್ನೆಟ್ಟಿನಲ್ಲಿ ತೆರೆದು ಬಿದ್ದಿದ್ದರಿಂದ ಅಪರಿಚಿತರು ಒಳನುಗ್ಗಿ, ತಮ್ಮಿಷ್ಟದ ಅಶ್ಲೀಲ ಮಾತುಕತೆಯನ್ನು ಪ್ರಸಾರ ಮಾಡಿಬಿಟ್ಟರು. ಕೇಳುಗರ ಕಿವಿಗೆ ಅದು ಕೇಂದ್ರದ್ದೇ ಧ್ವನಿ.

ಧ್ವನಿಯ ದಾರಿ

ಸ್ಟುಡಿಯೊದಲ್ಲೊಂದು, ಬೆಟ್ಟದಲ್ಲೊಂದು ಕೋಡೆಕ್ ಪೆಟ್ಟಿಗೆ, ಅಂದರೆ ಧ್ವನಿಯನ್ನು ಡಿಜಿಟಲ್ ಆಗಿಸಿ ಕಳಿಸುವ, ಮರಳಿ ಧ್ವನಿಯಾಗಿಸುವ ಪೆಟ್ಟಿಗೆ. ದುಡ್ಡಿದ್ದರೆ ಪ್ರಸಾರಕ್ಕೆಂದೇ ಮಾಡಿದ್ದನ್ನು ಕೊಳ್ಳಿ. ಇಲ್ಲದಿದ್ದರೆ ಒಳ್ಳೆಯ ಸೌಂಡ್ ಕಾರ್ಡ್ ಇರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರುಗಳ ಜೋಡಿಯೂ ಕೆಲಸ ಮಾಡುತ್ತದೆ. ಓಪಸ್ ಕೋಡೆಕ್‌ನಲ್ಲಿ 128 ಕಿಲೋಬಿಟ್ ಇಟ್ಟರೆ ಮಾತಿಗೂ ವಾಲಗಕ್ಕೂ ಚೆನ್ನಾಗಿದೆ.

ಪೈ ಜೋಡಿ ಹಾಕುವವರು ಒಂದು ಸೂಕ್ಷ್ಮ ತಿಳಿದಿರಬೇಕು. ಎರಡು ಸೌಂಡ್ ಕಾರ್ಡ್‌ಗಳ ಗಡಿಯಾರ ಎಂದೂ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡ್ ಧ್ವನಿ ಹೆಚ್ಚಾಗುತ್ತದೆ ಅಥವಾ ಸಾಲದಾಗುತ್ತದೆ. ನೀವು 200 ಮಿಲಿಸೆಕೆಂಡ್ ಬಫರ್ (ಮುಂಚಿತವಾಗಿ ಕೂಡಿಟ್ಟ ಧ್ವನಿ) ಇಟ್ಟಿದ್ದರೆ ಗಂಟೆ ಕಳೆಯುತ್ತಿದ್ದಂತೆ "ಟಕ್" ಎಂಬ ಸದ್ದು, ಮತ್ತೆ ಗಂಟೆಗೊಮ್ಮೆ ಅದೇ ಸದ್ದು. ಜನ ಇದನ್ನು ಲಿಂಕಿನ ದೋಷವೆಂದು ತಿಳಿದು ಡಿಶ್ ತಿರುಗಿಸಲು ಬೆಟ್ಟ ಹತ್ತುತ್ತಾರೆ. ಹಿಡಿಯುವ ಕಡೆಯ ತಂತ್ರಾಂಶದಲ್ಲಿ ವೇಗ ನೋಡಿ ಸರಿಪಡಿಸುವ ರಿಸ್ಯಾಂಪ್ಲಿಂಗ್ ಚಾಲೂ ಮಾಡಿದರೆ ಸದ್ದು ನಿಲ್ಲುತ್ತದೆ.

ಧ್ವನಿಯ ಏರಿಳಿತವನ್ನು ಹದ್ದಿನಲ್ಲಿಡುವ ಕಂಪ್ರೆಸರ್ ಮತ್ತು ಲಿಮಿಟರ್ ಬೆಟ್ಟದ ಮೇಲೆ, ಟ್ರಾನ್ಸ್‌ಮಿಟರಿನ ಮುಂದೆ ಇರಲಿ. ಸ್ಟುಡಿಯೊದಲ್ಲಿ ಲಿಮಿಟ್ ಮಾಡಿ ಕಳಿಸಿದರೆ ಕೋಡೆಕ್ ದಾಟುವಾಗ ತುದಿಗಳು ಮತ್ತೆ ಎದ್ದು ನಿಲ್ಲುತ್ತವೆ, ಮಾಡಿದ ಕೆಲಸ ಹಾಳು. ಮಟ್ಟ ಹೊಂದಿಸಲು 1 ಕಿಲೋಹರ್ಟ್ಸ್ ನಾದವನ್ನು ಡಿಜಿಟಲ್ ಮೀಟರಿನ ಮೈನಸ್ 18 ಡಿಬಿಯಲ್ಲಿ ಕಳಿಸಿ, ಬೆಟ್ಟದಲ್ಲೂ ಅಷ್ಟೇ ಬರುವಂತೆ ಮಾಡಿ. ಟ್ರಾನ್ಸ್‌ಮಿಟರಿನ ಪ್ರಿ-ಎಂಫಸಿಸ್ (ಕೀಚಲು ಸ್ವರಗಳನ್ನು ಮೊದಲೇ ಏರಿಸಿ ಕಳಿಸುವ ಸೆಟ್ಟಿಂಗ್) ನಮ್ಮ ದೇಶಕ್ಕೆ 50 ಮೈಕ್ರೊಸೆಕೆಂಡ್. ಸ್ಟೀರಿಯೊ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಬೇಡ ಎಂದೇ. ಸ್ಟೀರಿಯೊ ಮಾಡಿದ ಕೂಡಲೇ ದೂರದ ತೋಟದ ಕಾರ್ಮಿಕರ ಲೈನ್ ಮನೆಯ ಸಣ್ಣ ರೇಡಿಯೊದಲ್ಲಿ ಸುಯ್ಯೆನ್ನುವ ಗದ್ದಲ ಏರುತ್ತದೆ. ಮೊನೊದಲ್ಲಿ ಅದೇ ಮನೆಗೆ ಧ್ವನಿ ಸ್ಪಷ್ಟವಾಗಿ ಮುಟ್ಟುತ್ತದೆ.

ಡಿಜಿಟಲ್ ಲಿಂಕಿನಲ್ಲಿ ಧ್ವನಿ ತಡವಾಗಿ ಹೊರಬರುವುದರಿಂದ ಉದ್ಘೋಷಕರು ತಮ್ಮ ಪ್ರಸಾರವನ್ನೇ ಹೆಡ್‌ಫೋನಿನಲ್ಲಿ ಕೇಳಿಕೊಂಡು ಮಾತಾಡಲಾರರು, ನಾಲಿಗೆ ತೊಡರುತ್ತದೆ. ಮಿಕ್ಸರಿನಿಂದ ನೇರವಾಗಿ ಕೇಳಿಸಿ.

ಎಫ್‌ಎಂ ಚಾಲೂ ಮಾಡಿದ ಮೇಲೆ ಮತ್ತೆ ಪರೀಕ್ಷಿಸಿ

ಲಿಂಕ್ ಒಂದು ವಾರ ಚೆನ್ನಾಗಿ ಓಡಿತು, ಎಫ್‌ಎಂ ಹಾಕಿದ ಗಳಿಗೆಯಲ್ಲಿ ನಿಂತಿತು. ಇದು ನಮಗೇ ಆಗಿದೆ. ಟ್ರಾನ್ಸ್‌ಮಿಟರ್ 10 ವ್ಯಾಟಿನಲ್ಲಿದ್ದಾಗ ಎಲ್ಲ ಸರಿ. 30ಕ್ಕೆ ಏರಿಸಿದಾಗ ಈಥರ್ನೆಟ್ ಪೋರ್ಟ್ 100ರಿಂದ 10 ಮೆಗಾಬಿಟ್‌ಗೆ ಇಳಿಯಿತು. 50 ಮುಟ್ಟಿದೊಡನೆ ಪೋರ್ಟಿನ ಹಸಿರು ದೀಪವೇ ಆರಿತು. ಗಾಳಿಯಲ್ಲಿನ ಲಿಂಕಿಗೆ ಏನೂ ಆಗಿರಲಿಲ್ಲ. ಮಾಸ್ಟಿನ ಉದ್ದಕ್ಕೂ ಇಳಿದ ಕ್ಯಾಟ್-6 ಕೇಬಲ್ಲೇ ಆಂಟೆನಾದಂತೆ ಎಫ್‌ಎಂ ಶಕ್ತಿಯನ್ನು ಹೀರುತ್ತಿತ್ತು. ಕೇಬಲ್ಲಿಗೆ ಕವಚ ಇತ್ತು, ಪ್ಲಗ್ ಪ್ಲಾಸ್ಟಿಕ್ಕಿನದು. ಕವಚ ಎಲ್ಲಿಗೂ ತಾಗದೆ ಗಾಳಿಯಲ್ಲಿ ತೂಗುತ್ತಿತ್ತು. ಲೋಹದ ಪ್ಲಗ್ ಹಾಕಿ, ಕವಚವನ್ನು ಅರ್ಥಿಗೆ ಸೇರಿಸಿ, ಎರಡೂ ತುದಿಯಲ್ಲಿ ಕೇಬಲ್ಲನ್ನು ಫೆರೈಟ್ ಉಂಗುರದೊಳಗೆ ಮೂರು ಸುತ್ತು ಸುತ್ತಿದ ಮೇಲೆ ಪೂರ್ತಿ ಶಕ್ತಿಯಲ್ಲೂ ಒಂದು ಪ್ಯಾಕೆಟ್ ತಪ್ಪಲಿಲ್ಲ. ನೀವೂ ಹೀಗೆಯೇ ಹಂತಹಂತವಾಗಿ ಶಕ್ತಿ ಏರಿಸಿ, ಪ್ರತಿ ಹಂತದಲ್ಲಿ ಐದು ನಿಮಿಷ ಪೋರ್ಟಿನ ತಪ್ಪುಗಳ ಎಣಿಕೆ ನೋಡಿ.

ಕರೆಂಟ್ ಮತ್ತು ಎರಡನೇ ದಾರಿ

ಲಿಂಕ್ ರೇಡಿಯೊ, ಪೈ, ಸಣ್ಣ ಸ್ವಿಚ್ ಸೇರಿ 20 ವ್ಯಾಟ್ ಎಂದುಕೊಂಡರೆ ದಿನಕ್ಕೆ 480 ವ್ಯಾಟ್-ಗಂಟೆ. 12 ವೋಲ್ಟ್, 100 ಆಂಪಿಯರ್-ಗಂಟೆಯ ಲೆಡ್ ಬ್ಯಾಟರಿಯಲ್ಲಿ ಅರ್ಧದಷ್ಟೇ ನಿರಾತಂಕವಾಗಿ ಬಳಸಬಹುದು, ಅಂದರೆ 600. ಒಂದು ದಿನಕ್ಕೆ ಒಂದು ಬ್ಯಾಟರಿ ಎಂದು ಲೆಕ್ಕವಿಟ್ಟು, ಲಿಂಕಿಗೇ ಮೂರು ದಿನದ್ದು ಇಡಿ. ಟ್ರಾನ್ಸ್‌ಮಿಟರಿಗೆ ಬೇರೆ ಬ್ಯಾಟರಿ ಸಾಲು. ಕರೆಂಟ್ ಹೋದಾಗ ಅದು ಕಡಿಮೆ ಶಕ್ತಿಗೆ ಇಳಿಯುವಂತೆ ಮಾಡಿದರೆ ಹೆಚ್ಚು ಹೊತ್ತು ಬರುತ್ತದೆ. ಸೌರ ಫಲಕ ಇರಲಿ, ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಅದನ್ನು ನೆಚ್ಚಬೇಡಿ.

ಎರಡನೇ ದಾರಿಯಾಗಿ ಎರಡೂ ಕಡೆ 4ಜಿ ರೂಟರ್ ಇಡಿ. ಮುಖ್ಯ ಲಿಂಕ್ ಬಿದ್ದರೆ ಧ್ವನಿ ಆ ದಾರಿ ಹಿಡಿಯಲಿ. ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದರೆ ಅದೂ ಹೋಗುತ್ತದೆ. ಕೊನೆಯ ಆಸರೆ ಬೆಟ್ಟದ ಮೇಲಿನ ಪೆಟ್ಟಿಗೆಯೊಳಗಿನ ಎಸ್‌ಡಿ ಕಾರ್ಡ್. 30 ಸೆಕೆಂಡ್ ಮೌನವಾದರೆ ಕಾರ್ಡ್ ಶುರುವಾಗಬೇಕು, ಸ್ಟುಡಿಯೊ ಧ್ವನಿ ಮರಳಿ 10 ಸೆಕೆಂಡ್ ನಿಂತ ಮೇಲೆ ಕಾರ್ಡ್ ನಿಲ್ಲಬೇಕು.

ಆ ಕಾರ್ಡಿನಲ್ಲಿ ಏನಿರಬೇಕೆಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮಲ್ಲೊಮ್ಮೆ ಹಿಂದಿನ ವರ್ಷದ ಒಂದು ಬೆಳಗಿನ ಕಾರ್ಯಕ್ರಮವನ್ನು ಹಾಗೆಯೇ ಕಾರ್ಡಿಗೆ ಹಾಕಿಟ್ಟಿದ್ದೆವು. ಜುಲೈಯ ಬೆಳಿಗ್ಗೆ ಲಿಂಕ್ ಬಿತ್ತು, ಕಾರ್ಡ್ ಓಡಿತು, "ಭಾರೀ ಮಳೆಯ ಕಾರಣ ಇಂದು ಶಾಲೆಗಳಿಗೆ ರಜೆ" ಎಂದು ಹಳೆಯ ಪ್ರಕಟಣೆ ಹೊರಟಿತು. ಅಂದು ರಜೆ ಇರಲಿಲ್ಲ. ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಂಡ ತಾಯಂದಿರು ಫೋನ್ ಮಾಡಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅವರು ನಮ್ಮ ಮಾತು ನಂಬಿದ್ದರು. ಅಂದಿನಿಂದ ಕಾರ್ಡಿನಲ್ಲಿ ದಿನ, ಹವಾಮಾನ, ರಜೆ, ರಸ್ತೆ ಯಾವುದರ ಮಾತೂ ಇಲ್ಲ. ಹಾಡು, ಕೃಷಿಯ ಸಾಮಾನ್ಯ ವಿಚಾರ, ನಡುನಡುವೆ ಕನ್ನಡ, ಕೊಡವ ತಕ್ಕ್, ಅರೆಭಾಷೆ ಮೂರರಲ್ಲೂ ಒಂದೇ ಸಾಲು: ಸ್ಟುಡಿಯೊ ಸಂಪರ್ಕ ತಪ್ಪಿದೆ, ಸರಿಪಡಿಸುತ್ತಿದ್ದೇವೆ, ರೇಡಿಯೊ ಹಚ್ಚಿಡಿ.

ದೂರದಿಂದ ಆರಿಸಿ ಹಚ್ಚುವ ವ್ಯವಸ್ಥೆಯೂ ಬೇಕು. ಎಸ್‌ಎಂಎಸ್ ಕಳಿಸಿದರೆ ಲಿಂಕ್ ರೇಡಿಯೊದ ಕರೆಂಟ್ ಹತ್ತು ಸೆಕೆಂಡ್ ಕಡಿದು ಮರಳಿ ಕೊಡುವ ಸಣ್ಣ ರಿಲೇ ಸಾಕು. ಬ್ಯಾಟರಿ ವೋಲ್ಟೇಜ್, ಟ್ರಾನ್ಸ್‌ಮಿಟರಿನಿಂದ ಆಂಟೆನಾಗೆ ಹೋಗುವ ಶಕ್ತಿ, ಆಂಟೆನಾದಿಂದ ಹಿಂದಿರುಗುವ ಶಕ್ತಿ, ಲಿಂಕ್ ಸಿಗ್ನಲ್ ಈ ನಾಲ್ಕು ಅಂಕೆ ಸ್ಟುಡಿಯೊದ ಪರದೆಯಲ್ಲಿ ಸದಾ ಕಾಣುತ್ತಿರಲಿ. ಆಂಟೆನಾ ಕನೆಕ್ಟರಿಗೆ ನೀರು ಇಳಿದರೆ ಹಿಂದಿರುಗುವ ಶಕ್ತಿ ದಿನದಿಂದ ದಿನಕ್ಕೆ ಏರಿ ನಿಮಗೆ ಮೊದಲೇ ಸೂಚನೆ ಕೊಡುತ್ತದೆ.

ಪ್ರತಿ ಮೇ ತಿಂಗಳ ಮೊದಲ ವಾರ

ಒಬ್ಬರೇ ಹೋಗಬೇಡಿ. ಬೆಲ್ಟ್ ಇಲ್ಲದೆ ಮಾಸ್ಟ್ ಹತ್ತಬೇಡಿ, ಹತ್ತುವ ಮುನ್ನ ಎಫ್‌ಎಂ ಆರಿಸಿ. ಬಣ್ಣದ ಗೆರೆ ಜರುಗಿದೆಯೇ ನೋಡಿ, ಗೈ ವೈರ್ ಬಿಗಿ ಮಾಡಿ, ರಬ್ಬರ್ ಟೇಪ್ ಬಿರಿದಿದ್ದರೆ ಪೂರ್ತಿ ಕಿತ್ತು ಹೊಸದಾಗಿ ಸುತ್ತಿ. ಸರ್ಜ್ ರಕ್ಷಕಗಳನ್ನು ಬದಲಿಸಿ. ಕರೆಂಟಿನ ಮೇನ್ ಸ್ವಿಚ್ ಆರಿಸಿ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಗಡಿಯಾರ ಹಿಡಿದು ನೋಡಿ. ಸ್ಟುಡಿಯೊಗೆ ಫೋನ್ ಮಾಡಿ ಮೈಕ್ ಆರಿಸಲು ಹೇಳಿ, ಕಾರ್ಡ್ ತಾನಾಗಿ ಶುರುವಾಯಿತೇ ಎಂದು ಅಲ್ಲಿಯೇ ನಿಂತು ಕೇಳಿ. ಇಳಿಯುವ ದಾರಿಯಲ್ಲಿ ತೋಟದ ರೈಟರನ್ನು ಕಂಡು ಮರದ ತುದಿಗಳ ವಿಷಯ ನೆನಪಿಸಿ. ಸ್ಟುಡಿಯೊಗೆ ಬಂದ ಮೇಲೆ ಅಂದಿನ ಸಿಗ್ನಲ್ ಅಂಕೆಯನ್ನು ತಾರೀಖಿನ ಜೊತೆ ಗೋಡೆಯ ಪಟ್ಟಿಯಲ್ಲಿ ಬರೆಯಿರಿ. ಜೂನಿನ ಮೊದಲ ದೊಡ್ಡ ಮಳೆ ಬಿದ್ದ ದಿನ ಅದರ ಪಕ್ಕದಲ್ಲಿ ಇನ್ನೊಂದು ಅಂಕೆ ಬರೆಯಿರಿ. ಎರಡರ ನಡುವೆ 6 ಡಿಬಿಗಿಂತ ಹೆಚ್ಚು ಅಂತರ ಬಂದರೆ, ಕಕ್ಕಡ ಹುಟ್ಟುವ ಮೊದಲೇ, ಮಳೆ ಬಿಡುವು ಕೊಟ್ಟ ಹಗಲಿನಲ್ಲಿ ಬೈನಾಕ್ಯುಲರ್ ಹಿಡಿದು ಮಾಳಿಗೆ ಹತ್ತಿ.